ತೀರ್ಪು ಬಂದ ಮೇಲೂ ಬಿಡದ ವಕೀಲ

ಓಲಿಯಂ ಎಂಬುದು ಬಹಳ ಉಗ್ರವಾದ ಗಂಧಕಾಮ್ಲ. ಗಾಳಿ ಸೋಕಿದರೆ ಸಾಕು, ಹೊಗೆಯಾಡತೊಡಗುತ್ತದೆ. ಆ ಹೊಗೆ ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸುಡುತ್ತದೆ. 1985ರ ಡಿಸೆಂಬರ್ 4ರಂದು ದೆಹಲಿಯ ಶ್ರೀರಾಮ್ ಗೊಬ್ಬರ ಕಾರ್ಖಾನೆಯಿಂದ ಓಲಿಯಂ ಸೋರಿತು. ಭೋಪಾಲದ ವಿಷಾನಿಲ ದುರಂತಕ್ಕೆ ಆಗಷ್ಟೇ ವರ್ಷ ತುಂಬಿತ್ತು. ತೀಸ್ ಹಜಾರಿ ನ್ಯಾಯಾಲಯದ ವಕೀಲರೊಬ್ಬರು ಪ್ರಾಣ ಕಳೆದುಕೊಂಡರು, ಹಲವರು ಅಸ್ವಸ್ಥರಾದರು. ಜನವಸತಿಯ ನಡುವೆ ಇಂಥ ಕಾರ್ಖಾನೆ ಇರಕೂಡದು ಎಂದು ಕೋರಿದ್ದ ಅರ್ಜಿಯೊಂದು ಆ ಹೊತ್ತಿಗಾಗಲೇ ಸುಪ್ರೀಂ ಕೋರ್ಟಿನಲ್ಲಿತ್ತು. ಅರ್ಜಿ ಹಾಕಿದ್ದವರು ಮಹೇಶ್ ಚಂದ್ರ ಮೆಹ್ತಾ.

ಮೆಹ್ತಾ ಹುಟ್ಟಿದ್ದು 1946ರಲ್ಲಿ, ಜಮ್ಮುವಿನ ರಜೌರಿ ಸೀಮೆಯ ಹಳ್ಳಿಯಲ್ಲಿ. ಜಮ್ಮುವಿನಲ್ಲಿ ವಕೀಲಿ ಮಾಡಿ, 1983ರಲ್ಲಿ ದೆಹಲಿಗೆ ಬಂದರು. ಮರುವರ್ಷ ಮೊದಲ ಬಾರಿಗೆ ತಾಜ್ ಮಹಲ್ ನೋಡಿದಾಗ ಅಮೃತಶಿಲೆ ಹಳದಿಗಟ್ಟಿತ್ತು. ಸುತ್ತಲಿನ ಕಾರ್ಖಾನೆಗಳಲ್ಲಿ ಕಲ್ಲಿದ್ದಲು ಉರಿದು ಏಳುವ ಗಂಧಕದ ಹೊಗೆ ತೇವದೊಡನೆ ಸೇರಿ ಆಮ್ಲವಾಗುತ್ತದೆ. ಆಮ್ಲ ಕಲ್ಲನ್ನು ತಿನ್ನುತ್ತದೆ. ಅದೇ ವರ್ಷ ಅವರು ಅರ್ಜಿ ಹಾಕಿದರು. ತೀರ್ಪು ಬಂದದ್ದು 1996ರ ಡಿಸೆಂಬರ್ 30ಕ್ಕೆ: 292 ಕಾರ್ಖಾನೆಗಳು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕು, ಇಲ್ಲವೇ ಅಲ್ಲಿಂದ ಸ್ಥಳಾಂತರವಾಗಬೇಕು.

ಓಲಿಯಂ ಪ್ರಕರಣಕ್ಕೆ ಮತ್ತೆ ಬರೋಣ, ಏಕೆಂದರೆ ನಮ್ಮ ಕಾನೂನು ನಿಜವಾಗಿ ಬದಲಾದದ್ದು ಅಲ್ಲಿ. ಅಪಾಯಕಾರಿ ವಸ್ತುವನ್ನು ಇಟ್ಟುಕೊಂಡವನು ಅದರಿಂದಾದ ಹಾನಿಗೆ ಹೊಣೆ ಎಂಬ ನಿಯಮವನ್ನು ಇಂಗ್ಲೆಂಡಿನ ನ್ಯಾಯಾಲಯಗಳು ಹತ್ತೊಂಬತ್ತನೇ ಶತಮಾನದಲ್ಲೇ ರೂಪಿಸಿದ್ದವು. ಆದರೆ ಅದರಲ್ಲಿ ನುಣುಚಿಕೊಳ್ಳಲು ದಾರಿಗಳಿದ್ದವು. ಇದು ದೈವಕೃತ್ಯ ಎನ್ನಬಹುದಿತ್ತು, ಯಾರೋ ಹೊರಗಿನವರ ಕೈವಾಡ ಎನ್ನಬಹುದಿತ್ತು. ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ನೇತೃತ್ವದ ಐವರ ಪೀಠ 1986ರ ಡಿಸೆಂಬರ್ 20ರಂದು ಈ ದಾರಿಗಳನ್ನೆಲ್ಲ ಮುಚ್ಚಿತು. ಅಪಾಯಕಾರಿ ಉದ್ಯಮ ನಡೆಸಿ ಲಾಭ ಪಡೆಯುವವರು ಹಾನಿಗೆ ಸಂಪೂರ್ಣ ಹೊಣೆ. ಎಷ್ಟೇ ಎಚ್ಚರ ವಹಿಸಿದ್ದೆವೆಂದರೂ ಬಿಡುಗಡೆಯಿಲ್ಲ. ಉದ್ಯಮ ದೊಡ್ಡದಾದಷ್ಟೂ ಪರಿಹಾರವೂ ದೊಡ್ಡದು. ವಿಷಗಾಳಿ ಕುಡಿದ ಬಡವ ಕಾರ್ಖಾನೆಯ ತಪ್ಪನ್ನು ಸಾಬೀತು ಮಾಡುತ್ತಾ ಅಲೆಯಬೇಕಾಗಿಲ್ಲ ಎಂಬುದು ಸಣ್ಣ ಮಾತಲ್ಲ.

ಮೆಹ್ತಾ ಹೂಡಿದ ಇನ್ನೊಂದು ಮೊಕದ್ದಮೆ ಗಂಗೆಯದು. ಅದಕ್ಕೆ ಕನ್ನಡದ ನಂಟೂ ಇದೆ. ನದಿಗೆ ಹರಿದು ಬಂದ ಕೈಗಾರಿಕಾ ತ್ಯಾಜ್ಯಕ್ಕೆ ಬೆಂಕಿ ಹತ್ತಿ ನೀರೇ ಉರಿದಂತಾದ ಘಟನೆಯ ಬೆನ್ನಿಗೆ ಮೆಹ್ತಾ 1985ರಲ್ಲಿ ಅರ್ಜಿ ಸಲ್ಲಿಸಿದ್ದರು. ದಡದ ಕಾರ್ಖಾನೆಗಳಿಗೂ ನಗರಸಭೆಗಳಿಗೂ ನ್ಯಾಯಾಲಯ ಪತ್ರಿಕೆಗಳ ಮೂಲಕವೇ ನೋಟಿಸು ಕೊಟ್ಟಿತು. ಕಾನಪುರದ ಜಾಜ್‌ಮೌದಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಗಳು ಸಾಲಾಗಿದ್ದವು. ಅವುಗಳ ಕೊಳೆನೀರು ನೇರ ನದಿಗೆ ಸೇರುತ್ತಿತ್ತು. ಶುದ್ಧೀಕರಣ ಘಟಕ ಕಟ್ಟಿಸಲು ಹಣವಿಲ್ಲ ಎಂದು ಮಾಲೀಕರು ಅಲವತ್ತುಕೊಂಡರು. ಕೆಲಸಗಾರರಿಗೆ ಕನಿಷ್ಠ ಕೂಲಿ ಕೊಡಲಾಗದ ಕಾರ್ಖಾನೆಗೆ ಉಳಿಯುವ ಹಕ್ಕಿಲ್ಲವಷ್ಟೇ, ಪ್ರಾಥಮಿಕ ಶುದ್ಧೀಕರಣ ಘಟಕವಿಲ್ಲದ ಕಾರ್ಖಾನೆಗೂ ಹಾಗೆಯೇ ಎಂದು 1987ರ ಸೆಪ್ಟೆಂಬರ್ 22ರ ತೀರ್ಪು ಹೇಳಿತು. ಬರೆದವರು ನಮ್ಮ ಕರ್ನಾಟಕದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ, ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದವರು. 1988ರ ಜನವರಿಯಲ್ಲಿ ಇನ್ನೊಂದು ತೀರ್ಪಿತ್ತು, ಶಾಲೆಗಳ ಮೊದಲ ಹತ್ತು ತರಗತಿಗಳಲ್ಲಿ ವಾರಕ್ಕೆ ಒಂದು ತಾಸಾದರೂ ಪರಿಸರ ಪಾಠ ನಡೆಯಬೇಕೆಂದರು. ಗಂಗೆ ಇಂದಿಗೂ ಶುದ್ಧವಾಗಿಲ್ಲ. ಆದರೆ ನದಿಯನ್ನು ಕೆಡಿಸುವುದು ವ್ಯಾಪಾರದ ಅನಿವಾರ್ಯ ಎಂಬ ವಾದ ನ್ಯಾಯಾಲಯದಲ್ಲಿ ಅಂದು ಬಿದ್ದುಹೋಯಿತು.

ಮೆಹ್ತಾ ಅಲ್ಲಿಗೆ ನಿಲ್ಲಲಿಲ್ಲ. ಜನರಿಗೆ ತಿಳಿಯದೆ ಕಾನೂನು ನಡೆಯದು ಎಂಬುದು ಅವರ ನಂಬಿಕೆ. ಅವರದೇ ಅರ್ಜಿಯ ಮೇಲೆ 1991ರ ನವೆಂಬರಿನಲ್ಲಿ ಬಂದ ಆದೇಶದಂತೆ ಚಿತ್ರಮಂದಿರಗಳು ಪ್ರತಿ ಪ್ರದರ್ಶನದಲ್ಲೂ ಪರಿಸರದ ಸ್ಲೈಡುಗಳನ್ನು ಉಚಿತವಾಗಿ ತೋರಿಸಬೇಕಾಯಿತು. ಆಕಾಶವಾಣಿ, ದೂರದರ್ಶನಗಳೂ ಪರಿಸರದ ಕಾರ್ಯಕ್ರಮಗಳನ್ನು ಬಿತ್ತರಿಸಬೇಕೆಂದು ಅದೇ ಆದೇಶ ಸೂಚಿಸಿತು.

ಪರಿಸರದ ಕಾನೂನುಗಳು ನಮ್ಮಲ್ಲಿ ಮೊದಲೇ ಇದ್ದವು. ಜಲಮಾಲಿನ್ಯ ಕಾಯ್ದೆ 1974ರದು, ವಾಯುಮಾಲಿನ್ಯದ್ದು 1981ರದು. ಅವನ್ನು ಜಾರಿ ಮಾಡಿಸುವವರು ಇರಲಿಲ್ಲ. ಆದೇಶ ಹೊರಬಿದ್ದ ಮೇಲೂ ಮೆಹ್ತಾ ಕಡತ ಮುಚ್ಚುತ್ತಿರಲಿಲ್ಲ. ಪಾಲಿಸಿದರೇ ಎಂದು ಕೇಳಲು ಮತ್ತೆ ಮತ್ತೆ ಪೀಠದ ಮುಂದೆ ನಿಲ್ಲುತ್ತಿದ್ದರು. ಒಂದು ಕಾಲಕ್ಕೆ ಅವರ ಮೊಕದ್ದಮೆಗಳಿಗೆಂದೇ ಶುಕ್ರವಾರ ಮೀಸಲಾಗಿತ್ತು. 1996ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ, 1997ರಲ್ಲಿ ಮ್ಯಾಗ್ಸೆಸೆ, 2016ರಲ್ಲಿ ಪದ್ಮಶ್ರೀ ಸಂದವು.

ಈ ತೀರ್ಪುಗಳಿಗೆ ಬೆಲೆ ತೆತ್ತವರೂ ಇದ್ದಾರೆ, ಅದನ್ನೂ ಹೇಳಬೇಕು. 1996ರಲ್ಲಿ ದೆಹಲಿಯ 168 ಅಪಾಯಕಾರಿ ಕಾರ್ಖಾನೆಗಳಿಗೆ ಬಾಗಿಲು ಹಾಕಲು ಆದೇಶವಾದಾಗ ಸಾವಿರಾರು ಕೂಲಿಕಾರರ ಅನ್ನಕ್ಕೆ ಪೆಟ್ಟು ಬಿತ್ತು. ಅವರಿಗೆ ಪರಿಹಾರ ಕೊಡಬೇಕೆಂದು ನ್ಯಾಯಾಲಯ ಹೇಳಿತ್ತು, ನಿಜ. ಆದರೆ ಕಾಗದದ ಪರಿಹಾರಕ್ಕೂ ಕೈಸೇರುವ ದುಡ್ಡಿಗೂ ಇರುವ ದೂರ ಕೂಲಿಕಾರನಿಗೇ ಗೊತ್ತು.

ದೆಹಲಿಯ ಗಾಳಿಯ ಮೊಕದ್ದಮೆ ದಶಕಗಳ ಕಾಲ ನಡೆದದ್ದು. ನಗರದ ಬಸ್ಸುಗಳೆಲ್ಲ 2001ರ ಮಾರ್ಚ್ ಒಳಗೆ ಡೀಸೆಲ್ ಬಿಟ್ಟು ಸಿಎನ್‌ಜಿಗೆ ಬದಲಾಗಬೇಕೆಂದು 1998ರ ಜುಲೈನಲ್ಲಿ ಆದೇಶವಾಯಿತು. ಸರ್ಕಾರ ಗಡುವಿನ ವಿಸ್ತರಣೆ ಕೇಳಿತು, ಬಸ್ ಮಾಲೀಕರು ಪ್ರತಿಭಟಿಸಿದರು, ಅನಿಲ ತುಂಬಿಸಲು ಉದ್ದುದ್ದ ಸಾಲುಗಳಾದವು. ಕೊನೆಗೆ 2002ರ ಡಿಸೆಂಬರ್ ಹೊತ್ತಿಗೆ ನಗರ ಸಾರಿಗೆಯಿಂದ ಡೀಸೆಲ್ ಬಸ್ಸುಗಳು ಮರೆಯಾದವು. ಆ ರಿಟ್ ಅರ್ಜಿಯ ಸಂಖ್ಯೆ 13029, ವರ್ಷ 1985. ದೆಹಲಿಯ ಹೊಗೆಮಂಜಿನಿಂದಾಗಿ ಶಾಲೆ, ಲಾರಿ, ಕಟ್ಟಡ ಕಾಮಗಾರಿಗಳ ಮೇಲೆ ನಿರ್ಬಂಧ ಬಿದ್ದ 2024ರ ನವೆಂಬರಿನಲ್ಲಿ ನ್ಯಾಯಮೂರ್ತಿಗಳು ವಿಚಾರಣೆ ನಡೆಸುತ್ತಿದ್ದದ್ದೂ ಅದೇ ಅರ್ಜಿಯಲ್ಲಿ.