ನೀಲಗಿರಿ ಎಂಬ ಬೆಟ್ಟ, ನೀಲಗಿರಿ ಎಂಬ ಮರ



ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಊಟಿಯ ಹೆಸರು ಕೇಳದವರು ವಿರಳ. ಶಾಲೆಯ ಮಕ್ಕಳ ಪ್ರವಾಸ ಮೈಸೂರನ್ನು ನೋಡಿ, ಬಂಡೀಪುರವನ್ನು ಹಾಯ್ದು ಘಟ್ಟ ಹತ್ತುವುದು ಅಲ್ಲಿಗೇ; ಹೊಸದಾಗಿ ಮದುವೆಯಾದವರು ಹೊರಡುವುದೂ ಅಲ್ಲಿಗೇ. ಮರಳಿ ಬರುವವರ ಚೀಲದಲ್ಲಿ ಒಂದು ಸೀಸೆ ನೀಲಗಿರಿ ಎಣ್ಣೆ ಇದ್ದೇ ಇರುತ್ತದೆ. ಆ ಎಣ್ಣೆಯನ್ನು ಕೊಡುವ ಮರಕ್ಕೂ ಕನ್ನಡದಲ್ಲಿ ನೀಲಗಿರಿ ಎಂದೇ ಹೆಸರು. ಬೆಟ್ಟದ ಹೆಸರು ಮರಕ್ಕೆ ಅಂಟಿಕೊಂಡಿತೇ ಹೊರತು ಮರ ಆ ಬೆಟ್ಟದ್ದಲ್ಲ, ಆಸ್ಟ್ರೇಲಿಯಾದ್ದು. ಅದು ಬೆಟ್ಟವನ್ನು ಏರಿದ್ದು ಏಕೆ, ಅಲ್ಲಿಂದ ಬಯಲುಸೀಮೆಯ ಗೋಮಾಳಗಳವರೆಗೆ ಅದರ ಹಿಂದೆ ಯಾವ ವಿಚಾರ ಇಳಿದು ಬಂದಿತು ಎಂಬುದನ್ನು ಅರಿತರೆ, ನವಲಗುಂದ, ಅಣ್ಣಿಗೇರಿಗಳ ಎರೆ ನೆಲದವರಿಗೂ ಕಲಘಟಗಿಯ ಕಾಡಂಚಿನವರಿಗೂ ಊಟಿ ಅಷ್ಟು ದೂರದ ಊರಾಗಿ ಕಾಣಲಾರದು.

ಊಟಿ, ಅಂದರೆ ಉದಕಮಂಡಲ, ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೂ 2,000 ಮೀಟರನ್ನು ಮುಟ್ಟುವುದಿಲ್ಲ ಎಂಬುದನ್ನು ನೆನೆದರೆ ಆ ಎತ್ತರದ ಅಂದಾಜು ಸಿಗುತ್ತದೆ. ಪಟ್ಟಣದ ಪಕ್ಕದಲ್ಲೇ 2,637 ಮೀಟರಿನ ದೊಡ್ಡಬೆಟ್ಟವಿದೆ. ಹೆಸರು ಅಚ್ಚಗನ್ನಡದ್ದು. ಆ ಬೆಟ್ಟಗಳ ಹಟ್ಟಿಗಳಲ್ಲಿ ನೆಲೆಸಿರುವ ಬಡಗರು ಬಡಗು ದಿಕ್ಕಿನಿಂದ, ಮೈಸೂರು ಸೀಮೆಯ ಕಡೆಯಿಂದ ಬಂದವರೆಂದು ಅವರ ಪರಂಪರೆ ಹೇಳುತ್ತದೆ. ಅವರ ಮಾತು ಕನ್ನಡಕ್ಕೆ ತೀರ ಹತ್ತಿರದ್ದು. ಅವರಿಗಿಂತ ಮೊದಲಿನಿಂದಲೂ ಅಲ್ಲಿ ಎಮ್ಮೆಗಳನ್ನು ಸಾಕಿಕೊಂಡು ಬಂದವರು ತೋಡರು.

ಎಮ್ಮೆ ಸಾಕಲು ಹುಲ್ಲು ಬೇಕು. ನೀಲಗಿರಿಯ ಮೇಲ್ಭಾಗ ಮೂಲತಃ ದಟ್ಟ ಕಾಡಿನ ಪ್ರದೇಶವಾಗಿರಲಿಲ್ಲ. ಬೆಟ್ಟದ ಮೈಯೆಲ್ಲ ಹುಲ್ಲು, ಕಣಿವೆಯ ಮಡಿಕೆಗಳಲ್ಲಿ ಮಾತ್ರ ಕುಳ್ಳಾದ ಮರಗಳ ಒತ್ತಾದ ಶೋಲಾ ಕಾಡು, ತಗ್ಗುಗಳಲ್ಲಿ ಜೌಗು. ಮುಂಗಾರಿನಲ್ಲಿಯೂ ಹಿಂಗಾರಿನಲ್ಲಿಯೂ ಸುರಿದ ಮಳೆಯನ್ನು ಈ ಮೂರೂ ಸೇರಿ ಹೀರಿ, ಬೇಸಿಗೆಯುದ್ದಕ್ಕೂ ಸಣ್ಣ ಸಣ್ಣ ಝರಿಗಳಾಗಿ ಬಿಟ್ಟುಕೊಡುತ್ತಿದ್ದವು. ಮೋಯಾರ್, ಭವಾನಿ ನದಿಗಳ ಮೂಲಕ ಕಾವೇರಿಗೆ ಸೇರುವ ನೀರಿನ ಒಂದು ಪಾಲು ಇದೇ. ಕಣಕುಂಬಿಯ ಬೆಟ್ಟದಲ್ಲಿ ಹುಟ್ಟುವ ಮಲಪ್ರಭೆಯ ಕಾಲುವೆಯ ಮೇಲೆ ಕಣ್ಣಿಟ್ಟು ಬದುಕುವ ನವಲಗುಂದದ ರೈತನಿಗೆ, ಬೆಟ್ಟದ ಹುಲ್ಲಿಗೂ ಬಯಲಿನ ನೀರಿಗೂ ಇರುವ ಈ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿದ. 1820ರ ದಶಕದಲ್ಲಿ ಅಲ್ಲಿ ಅವನ ಕಲ್ಲಿನ ಮನೆಯೂ ಹಳ್ಳಕ್ಕೆ ಅಡ್ಡಗಟ್ಟಿದ ಕೆರೆಯೂ ಎದ್ದವು. ಕ್ರಮೇಣ ಊಟಿ ಮದ್ರಾಸ್ ಸರ್ಕಾರದ ಬೇಸಿಗೆಯ ರಾಜಧಾನಿಯಾಯಿತು. ಬಯಲಿನ ಸೆಕೆಗೆ ಅಂಜಿ ಬಂದ ಅಧಿಕಾರಿಗಳಿಗೆ ಬೆಟ್ಟದ ಚಳಿಯಲ್ಲಿ ಮನೆ ಮನೆಗೂ ಅಗ್ಗಿಷ್ಟಿಕೆ ಬೇಕಾಯಿತು. ಸೌದೆಗಾಗಿ ಶೋಲಾ ಕಾಡುಗಳನ್ನು ಕಡಿದರು. ನಿಧಾನವಾಗಿ ಬೆಳೆಯುವ ಆ ಕಾಡು ಮತ್ತೆ ಚಿಗುರುವವರೆಗೆ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. 1840ರ ದಶಕದಿಂದ ಆಸ್ಟ್ರೇಲಿಯಾದ ವ್ಯಾಟಲ್, ಅಂದರೆ ಒಂದು ಬಗೆಯ ಜಾಲಿ, ಮತ್ತು ನೀಲಗಿರಿ ಸಸಿಗಳು ಬಂದವು. ಅವನ್ನು ನೆಟ್ಟದ್ದೆಲ್ಲಿ? ಕಡಿದ ಶೋಲಾದ ಜಾಗದಲ್ಲಿ ಮಾತ್ರವಾಗಿದ್ದರೆ ಕಥೆ ಬೇರೆಯಾಗುತ್ತಿತ್ತು. ಹುಲ್ಲಿನ ಗುಡ್ಡಗಳ ಮೇಲೂ ನೆಟ್ಟರು. ಏಕೆಂದರೆ ಮರವಿಲ್ಲದ ನೆಲ ಅವರ ದಫ್ತರದಲ್ಲಿ ಪಾಳು ನೆಲ. ತೋಡರ ಎಮ್ಮೆಗಳು ತಲೆಮಾರುಗಳಿಂದ ಮೇಯುತ್ತಿದ್ದರೂ ಅದು ಪಾಳೇ. ಸಲಿವನ್ ಸ್ವತಃ ತೋಡರ ಭೂಹಕ್ಕನ್ನು ಎತ್ತಿಹಿಡಿದಿದ್ದನೆಂಬುದನ್ನು ನ್ಯಾಯವಾಗಿ ಹೇಳಬೇಕು. ಆ ಮಾತು ಮೇಲಿನವರಿಗೆ ಪಥ್ಯವಾಗಲಿಲ್ಲ.

ಇದರ ಫಲವನ್ನು ಅಳೆದು ನೋಡಿದವರೂ ಇದ್ದಾರೆ. ಊಟಿಯಲ್ಲಿರುವ ಕೇಂದ್ರ ಸರ್ಕಾರದ ಮಣ್ಣು ಮತ್ತು ಜಲಸಂರಕ್ಷಣಾ ಸಂಶೋಧನ ಕೇಂದ್ರದ ವಿಜ್ಞಾನಿಗಳು ಗ್ಲೆನ್‌ಮಾರ್ಗನ್ ಎಂಬಲ್ಲಿ ಅಕ್ಕಪಕ್ಕದ ಎರಡು ಪುಟ್ಟ ಜಲಾನಯನಗಳನ್ನು ಆರಿಸಿಕೊಂಡು, ಒಂದನ್ನು ಹುಲ್ಲಿಗೇ ಬಿಟ್ಟು, 1972ರಲ್ಲಿ ಇನ್ನೊಂದರ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ನೀಲಗಿರಿ ನೆಟ್ಟರು. ಮೊದಲ ಹತ್ತು ವರ್ಷಗಳ ಸುತ್ತಿನಲ್ಲೇ ಆ ಜಲಾನಯನದಿಂದ ಹರಿದುಬರುವ ನೀರು ಶೇಕಡ 16ರಷ್ಟು ಇಳಿಯಿತು. ಮರ ಕಡಿದ ಮೇಲೆ ಬುಡದಿಂದ ಚಿಗುರಿದ ಎರಡನೆಯ ಸುತ್ತಿನಲ್ಲಿ ಇಳಿತ ಇನ್ನೂ ಹೆಚ್ಚಾಯಿತು. ಒಣ ತಿಂಗಳುಗಳ ಒರತೆಗೂ ಪೆಟ್ಟು ಬಿದ್ದಿತು.

ಸ್ವಾತಂತ್ರ್ಯಾನಂತರ ಅಗ್ಗಿಷ್ಟಿಕೆಯ ಜಾಗಕ್ಕೆ ಕಾರ್ಖಾನೆ ಬಂದಿತು. ಬೆಟ್ಟದ ನೀಲಗಿರಿ ಮತ್ತು ವ್ಯಾಟಲ್ ಮರಗಳು ಕೆಳಗೆ ಸಿರುಮುಗೈಯ ವಿಸ್ಕೋಸ್ ಕಾರ್ಖಾನೆಗೆ ಹೋಗಿ ಕೃತಕ ರೇಷ್ಮೆಯ ನೂಲಾಗತೊಡಗಿದವು; ಕಾರ್ಖಾನೆಯ ಕೊಳೆ ಭವಾನಿ ನದಿಗೆ ಸೇರಿತು. ತುಂಗಭದ್ರೆಯ ದಂಡೆಯವರಿಗೆ ಈ ಕಥೆ ಚಿರಪರಿಚಿತ. ಅಲ್ಲಿ 1972ರಿಂದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇದೇ ಮರದ ತಿರುಳನ್ನು ತಯಾರಿಸುತ್ತಿದ್ದಿತು, ನದಿಯ ಮೀನು ಸತ್ತು ತೇಲಿದ್ದನ್ನು ಕಂಡು ಜನ ಬೀದಿಗಿಳಿದಿದ್ದರು.

ಊಟಿಯ ಎತ್ತರದ ನೀಲಗಿರಿ ಜಾತಿ ಬಯಲಿನಲ್ಲಿ ಬೆಳೆಯುವುದಿಲ್ಲ. ಬಯಲಿಗೆ ಒಗ್ಗಿದ್ದು 'ಮೈಸೂರು ಗಮ್' ಎಂಬ ಬೇರೊಂದು ತಳಿ. ಅದರ ಬೀಜದ ಮೂಲ ನಂದಿಬೆಟ್ಟ; ಅಲ್ಲಿ ಮೊದಲು ನೆಡಿಸಿದವನು ಟಿಪ್ಪುಸುಲ್ತಾನನೆಂದು ಹೇಳುತ್ತಾರೆ. ನಂದಿಯೂ ಮುಂದೆ ಕಬ್ಬನ್ ಮೊದಲಾದ ಅಧಿಕಾರಿಗಳ ಬೇಸಿಗೆಯ ಬೀಡಾಯಿತೆಂಬುದು ಕುತೂಹಲಕರ. ಒಂದು ವಿಹಾರದ ಬೆಟ್ಟ ಬೀಜ ಕೊಟ್ಟಿತು, ಇನ್ನೊಂದು ಹೆಸರು ಕೊಟ್ಟಿತು. ಆದರೆ ಬೀಜಕ್ಕಿಂತಲೂ ಹೆಸರಿಗಿಂತಲೂ ಹೆಚ್ಚು ಹಾನಿ ಮಾಡಿದ್ದು ಅವುಗಳ ಜೊತೆ ಇಳಿದು ಬಂದ 'ಪಾಳು' ಎಂಬ ಮಾತು.

ಅವಿಭಜಿತ ಧಾರವಾಡ ಜಿಲ್ಲೆಯ ರಾಣೆಬೆನ್ನೂರಿನ ಹುಲ್ಲುಬಯಲು ಕೃಷ್ಣಮೃಗಗಳ ನೆಲೆ, ಎರೆಭೂತ ಹಕ್ಕಿಯ ನೆಲೆ. ಅಲ್ಲಿಯೂ ಅರಣ್ಯ ಇಲಾಖೆ ನೀಲಗಿರಿ ಬೆಳೆಸಿತು. 1974ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯೂ ಆಯಿತು. ಕೃಷ್ಣಮೃಗ ಉಳಿಯಿತು, ತೆರೆದ ಹುಲ್ಲನ್ನೇ ನಂಬಿದ್ದ ಎರೆಭೂತ ಅಲ್ಲಿಂದ ಕಣ್ಮರೆಯಾಯಿತು.

1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಯನ್ನು ಕಟ್ಟಿದವು. ಸುಮಾರು 75,000 ಎಕರೆ ಸಿ ಮತ್ತು ಡಿ ದರ್ಜೆಯ ಭೂಮಿಯಲ್ಲಿ ತಿರುಳಿನ ಮರ ಬೆಳೆಸುವುದು ಉದ್ದೇಶ. ದರ್ಜೆ ಎಂಬ ಪದದಲ್ಲೇ ಎಲ್ಲವೂ ಅಡಗಿತ್ತು. ಆ ನೆಲದಿಂದ ಹಳ್ಳಿಯವರು ಮೇವು, ಸೌದೆ, ತೊಪ್ಪಲು, ನೇಗಿಲಿನ ಕಟ್ಟಿಗೆ ತರುತ್ತಿದ್ದರು. ಸರ್ಕಾರಕ್ಕೆ ಅದು ಖಾಲಿ. ಶಿವರಾಮ ಕಾರಂತರು ಮತ್ತು ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತು, ಊರಿಗೆ ಬೇಕಾದ ಸಸಿಗಳನ್ನು ಹಚ್ಚಿದರು. ಹಚ್ಚುವುದೆಂದರೆ ನೆಡುವುದೆಂದು ಈ ಭಾಗದಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. 1990ರ ದಶಕದ ಆರಂಭದಲ್ಲಿ ಕಂಪನಿಯೇ ಬಾಗಿಲು ಹಾಕಿತು.

ಮರದ ಮೇಲೆ ಹಗೆ ಬೇಕಿಲ್ಲ. ಆಳು ಸಿಗದ, ಮಳೆ ಕೈಕೊಟ್ಟ ವರ್ಷಗಳಲ್ಲಿ ಸ್ವಂತ ಹೊಲದ ಬದುವಿಗೆ ನೀಲಗಿರಿ ಹಚ್ಚಿ ನಾಲ್ಕು ಕಾಸು ಕಂಡ ರೈತನನ್ನು ಅಪರಾಧಿಯೆನ್ನುವುದು ಸಲ್ಲದು. ಎಲ್ಲರ ನೆಲವನ್ನು ಯಾರದೂ ಅಲ್ಲದ ನೆಲವೆಂದು ಬರೆದುಕೊಂಡದ್ದು ತಪ್ಪು. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಆದರೆ ದಫ್ತರದ ಪಾಳು ಎಂಬ ಕಾಲಂ ಹಾಗೆಯೇ ಇದೆ. ನಾಳೆ ಅಲ್ಲಿ ಇನ್ನೊಂದು ಮರವೋ ಇನ್ನೊಂದು ಉದ್ಯಮವೋ ಬರಬಹುದು. ಕುಂದಗೋಳ, ಅಣ್ಣಿಗೇರಿಗಳ ಕಡೆ ಅಳಿದುಳಿದ ಗಾಯರಾಣಗಳ ಸರ್ವೆ ನಂಬರು, ಗಡಿಕಲ್ಲುಗಳು ಊರಿನ ಎಷ್ಟು ಮಂದಿಗೆ ಗೊತ್ತಿವೆ? ಗ್ರಾಮಸಭೆಯಲ್ಲಿ ಮೊದಲು ಕೇಳಬೇಕಾದದ್ದು ಇದನ್ನೇ.

ಊಟಿಯ ಮೇಲಿನ ಭಾರವೂ ಇಳಿದಿಲ್ಲ. ವಾಹನಗಳ ದಟ್ಟಣೆಯಿಂದಾಗಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಬೆಟ್ಟ ಹತ್ತಲು ಇ-ಪಾಸ್ ಪಡೆಯಬೇಕಾಯಿತು. ಮುಂದೆ ಈ ಜಿಲ್ಲೆಯಿಂದ ಶಾಲಾ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು, ಸಸ್ಯೋದ್ಯಾನ ಮತ್ತು ಕೆರೆಯ ದೋಣಿ ಮುಗಿದ ಮೇಲೆ, ಪೈಕಾರದ ದಾರಿಯಲ್ಲಿ ಅಲ್ಲಲ್ಲಿ ಉಳಿದಿರುವ ಹುಲ್ಲಿನ ಗುಡ್ಡಗಳ ಬಳಿ ಸ್ವಲ್ಪ ಹೊತ್ತು ಬಸ್ಸು ನಿಲ್ಲಿಸಲಿ. ತೋಡರು ತಮ್ಮ ಗುಡಿಗೆ ಹೊದಿಸುವುದು ಜೌಗಿನಲ್ಲಿ ಬೆಳೆಯುವ ಒಂದು ವಿಶಿಷ್ಟ ಹುಲ್ಲನ್ನು. ಅದು ವಿರಳವಾಗಿ, ಈಗ ಅದನ್ನು ಹುಡುಕಿಕೊಂಡು ಅವರು ದೂರ ನಡೆಯಬೇಕಾಗಿದೆ.