ಕಂಕನಾಡಿಯಿಂದ ಹೊರಟ ಪಾರ್ಸೆಲು



ಮೂವತ್ತು ವರ್ಷ ಔಷಧಶಾಸ್ತ್ರ ಪಾಠ ಹೇಳಿ ನಿವೃತ್ತನಾದವನನ್ನು ಚರಿತ್ರೆಯ ವೇದಿಕೆಗೆ ಹತ್ತಿಸಿದ್ದೀರಿ. ಈ ಮರ್ಯಾದೆ ನನ್ನ ಯೋಗ್ಯತೆಗೆ ಮೀರಿದ್ದು. ಆದರೂ ಬೇಡ ಅನ್ನಲು ಮನಸ್ಸು ಬರಲಿಲ್ಲ. ಯಾರ ಹೆಸರಿನಲ್ಲಿ ಈ ದತ್ತಿ ಉಪನ್ಯಾಸವೋ ಅವರ ಹೆಸರು ಪುಸ್ತಿಕೆಯ ರಟ್ಟಿನ ಮೇಲಿದೆ. ಒಳಗೆ ನಾನು ಊರವರ ಹಾಗೆ ‘ಮಾಸ್ಟ್ರು’ ಎಂದೇ ಕರೆಯುತ್ತೇನೆ. ಹಗಲೆಲ್ಲ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿ, ಸಂಜೆ ಜಗಲಿಯಲ್ಲಿ ಮರದ ಪೆಟ್ಟಿಗೆ ತೆರೆದು ಕೂತು ಬಿಳಿ ಗುಳಿಗೆ ಹಂಚುತ್ತಿದ್ದವರು ಅವರು. ಆ ಪೆಟ್ಟಿಗೆ ಇವತ್ತು ಈ ಮೇಜಿನ ಮೇಲಿದೆ. ಮಾಸ್ಟ್ರ ಮಗಳು ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದರು.

ವಿಷಯ ಮಂಗಳೂರಿನ ಕಂಕನಾಡಿ ಆಸ್ಪತ್ರೆ. ಬೋರ್ಡಿನಲ್ಲಿ ಫಾದರ್ ಮುಲ್ಲರ್ ಅಂತ ಎಷ್ಟೇ ದೊಡ್ಡದಾಗಿ ಬರೆದರೂ ಬಸ್ಸಿನಲ್ಲಿ ಟಿಕೆಟು ಕೇಳುವವರಿಗೆ ಅದು ಕಂಕನಾಡಿಯೇ.

ಮೊದಲ ಪಾಠವನ್ನು ಓಟದಲ್ಲಿ ಮುಗಿಸುತ್ತೇನೆ. ಅದು ಆಸ್ಪತ್ರೆಯ ಸ್ಮರಣ ಸಂಚಿಕೆಗಳಲ್ಲೆಲ್ಲ ಇದೆ. ಆಗಸ್ಟಸ್ ಮುಲ್ಲರ್ 1841ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಯೇಸುಸಭೆಯ ಪಾದ್ರಿ. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಮೊದಲ ತಂಡದಲ್ಲಿದ್ದವರು. ಆಗಷ್ಟೇ ಶುರುವಾಗಿದ್ದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುತ್ತಲೇ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧ ಕೊಡಲು ತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ, 1902ರಲ್ಲಿ ಪ್ಲೇಗು ಬಂದಾಗ ಅದಕ್ಕೆಂದೇ ಆಸ್ಪತ್ರೆ, 1907ರಲ್ಲಿ ಸರ್ಕಾರದ ಕೈಸರ್-ಇ-ಹಿಂದ್ ಪದಕ, 1910ರ ನವೆಂಬರ್ 1ರಂದು ಸಾವು. ಮುಂದೆ ಸಂಸ್ಥೆ ಧರ್ಮಪ್ರಾಂತ್ಯದ ಕೈಗೆ ಬಂತು. ಹೋಮಿಯೋಪಥಿ ಕಾಲೇಜು 1985ರದು, ಅಲೋಪಥಿ ಮೆಡಿಕಲ್ ಕಾಲೇಜು 1999ರದು. ಸಾವಿರಕ್ಕೂ ಮಿಕ್ಕ ಹಾಸಿಗೆಯ ಇಂದಿನ ಆಸ್ಪತ್ರೆಯಲ್ಲಿ ಏನೇನು ವಿಭಾಗ ಇದೆ ಅನ್ನುವುದು ಇಲ್ಲಿ ಕೂತವರಿಗೆ ನನಗಿಂತ ಚೆನ್ನಾಗಿ ಗೊತ್ತು. ನಿಮ್ಮಲ್ಲಿ ಅರ್ಧ ಜನ ಅಲ್ಲೇ ಹುಟ್ಟಿದವರು.

ಇನ್ನು ನನ್ನ ತಕರಾರು.

ಆಲದ ಮರದ ಕೆಳಗೆ ಪಾದ್ರಿಯೊಬ್ಬರು ಬಡವರಿಗೆ ಗುಳಿಗೆ ಕೊಡುತ್ತಾ ಕೂತರು, ಆ ಮರ ಆಸ್ಪತ್ರೆಯಾಗಿ ಬೆಳೆಯಿತು. ಎಲ್ಲರೂ ಹೇಳುವ ಕತೆ ಇದು. ಚಿತ್ರ ಚೆಂದ, ಕ್ಯಾಲೆಂಡರಿಗೆ ಸರಿ. ಆದರೆ ಮರದ ನೆರಳಿನಿಂದ ವಾರ್ಡು ಕಟ್ಟಲಾಗುವುದಿಲ್ಲ, ಕುಷ್ಠರೋಗಿಗೆ ವರ್ಷಪೂರ್ತಿ ಗಂಜಿ ಹಾಕಲಾಗುವುದಿಲ್ಲ. ದುಡ್ಡು ಎಲ್ಲಿಂದ ಬಂತು? ಕೇಳಿದರೆ ಎರಡು ಉತ್ತರ ಸಿಗುತ್ತದೆ. ಭಕ್ತರು ‘ದೇವರು ಕೊಟ್ಟರು’ ಅನ್ನುತ್ತಾರೆ. ಮಿಷನರಿಗಳನ್ನು ಅನುಮಾನದಿಂದ ನೋಡುವವರು ‘ಯೂರೋಪಿನಿಂದ ಬಂತು’ ಅನ್ನುತ್ತಾರೆ. ದೇವರ ವ್ಯವಹಾರಕ್ಕೆ ನಾನು ಕೈಹಾಕುವುದಿಲ್ಲ. ಯೂರೋಪಿನ ದಾನಿಗಳೂ ಇದ್ದರು, ಅದನ್ನೂ ಅಲ್ಲಗಳೆಯುವುದಿಲ್ಲ. ಆದರೆ ದೊಡ್ಡದೊಂದು ಪಾಲು ಬಂದದ್ದು ಅಂಚೆಯಲ್ಲಿ. ಮುಲ್ಲರ್ ಔಷಧ ಮಾರಿದರು. ಬಾಗಿಲಿಗೆ ಬಂದ ಬಡವನಿಗೆ ಪುಕ್ಕಟೆ ಕೊಟ್ಟರು, ದೂರದಿಂದ ಕಾಗದ ಬರೆದವನಿಗೆ ದುಡ್ಡಿಗೆ ಕೊಟ್ಟರು. ದೇಶದ ಮೂಲೆಮೂಲೆಗೆ ಹೋದ ಆ ಮದ್ದಿನ ಲಾಭ ಕಂಕನಾಡಿಯ ಧರ್ಮಕಾರ್ಯಕ್ಕೆ ಹೋಯಿತು.

ಕಾಲವನ್ನು ಗಮನಿಸಿ. ಸಾಮಾನು ಕೈಗೆ ಬಂದ ಮೇಲೆ ದುಡ್ಡು ಕೊಡುವ ವಿ.ಪಿ. ಪದ್ಧತಿಯನ್ನು ಈ ದೇಶದ ಅಂಚೆ ಇಲಾಖೆ ಶುರು ಮಾಡಿದ್ದು 1877ರಲ್ಲಿ. ಮುಲ್ಲರ್ ಮಂಗಳೂರಿಗೆ ಬಂದಿಳಿದದ್ದು ಮರುವರ್ಷ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅವರು ಸಾಯಲು ಮೂರು ವರ್ಷವಿದ್ದಾಗ. ಅಂದರೆ ಅವರ ವಹಿವಾಟಿನ ಹೆಚ್ಚಿನ ಕಾಲ ನಮ್ಮ ಊರಿಗೆ ಹಳಿಯೇ ಇರಲಿಲ್ಲ. ಹಡಗಿನಲ್ಲಿ, ಇಲ್ಲವೇ ಎತ್ತಿನ ಗಾಡಿಯಲ್ಲಿ ಘಟ್ಟ ಹತ್ತಿ ಹೋಗಬೇಕಿತ್ತು. ಹಾಗೆ ಹೋಗುವ ಮದ್ದು ಹಗುರವಾಗಿರಬೇಕು, ಕೆಡಬಾರದು, ಸೋರಬಾರದು.

ಇಲ್ಲಿಗೆ ಹೋಮಿಯೋಪಥಿ ಯಾಕೆ ಅನ್ನುವ ಪ್ರಶ್ನೆ ಬರುತ್ತದೆ. ಚರ್ಚಿನ ಇತಿಹಾಸ ಬಲ್ಲ ಒಬ್ಬ ಗೆಳೆಯರು ಜಾಣ ವಾದವೊಂದನ್ನು ಹೂಡುತ್ತಾರೆ. 1215ರ ನಾಲ್ಕನೆಯ ಲ್ಯಾಟರನ್ ಪರಿಷತ್ತು ಪಾದ್ರಿಗಳು ಕತ್ತರಿಸುವ, ಸುಡುವ ಚಿಕಿತ್ಸೆಗೆ ಕೈಹಾಕಬಾರದು ಎಂದು ಕಟ್ಟಳೆ ಮಾಡಿತ್ತು, ಚಾಕು ಹಿಡಿಯುವಂತಿರಲಿಲ್ಲವಾದ್ದರಿಂದ ಮುಲ್ಲರ್ ಗುಳಿಗೆ ಹಿಡಿದರು ಅಂತ. ಕಟ್ಟಳೆ ಇದ್ದದ್ದು ನಿಜ. ಆದರೆ ಅದರಿಂದ ‘ಚಾಕು ಯಾಕಲ್ಲ’ ಅನ್ನುವುದಕ್ಕೆ ಉತ್ತರ ಸಿಗುತ್ತದೆಯೇ ಹೊರತು ‘ಈ ಗುಳಿಗೆಯೇ ಯಾಕೆ’ ಅನ್ನುವುದಕ್ಕಲ್ಲ. ಪಾದ್ರಿಗಳು ಕ್ವಿನೈನ್ ಕೊಡಬಾರದು ಎಂದು ಯಾವ ಪರಿಷತ್ತೂ ಹೇಳಿಲ್ಲ. ಗೆಳೆಯರ ಪಾಂಡಿತ್ಯದ ಬಗ್ಗೆ ನನಗೆ ಗೌರವವಿದೆ. ಅವರು ಒಮ್ಮೆ ಪಾರ್ಸೆಲು ಕಟ್ಟಿ ನೋಡಿದ್ದರೆ ಆ ವಾದವನ್ನು ಕೈಬಿಡುತ್ತಿದ್ದರು.

ಲೆಕ್ಕ ಹೀಗೆ. ಹೋಮಿಯೋಪಥಿಯಲ್ಲಿ ಮದರ್ ಟಿಂಕ್ಚರು ಎಂಬ ಮೂಲದ್ರವದ ಒಂದು ಪಾಲಿಗೆ ತೊಂಬತ್ತೊಂಬತ್ತು ಪಾಲು ಸ್ಪಿರಿಟು ಸೇರಿಸಿ ಕುಲುಕಿದರೆ ಮೊದಲ ಹಂತ. ಅದರಲ್ಲಿ ಒಂದು ಪಾಲು ತೆಗೆದು ಮತ್ತೆ ಹಾಗೆಯೇ ಮಾಡಿದರೆ ಎರಡನೆಯದು. ಮೂರನೆಯ ಹಂತಕ್ಕೆ ಬರುವಾಗ ಒಂದು ಹನಿ ಟಿಂಕ್ಚರು ಹತ್ತು ಲಕ್ಷ ಹನಿ ಔಷಧವಾಗಬಲ್ಲದು. ಹಾಲುಸಕ್ಕರೆಯ ಗುಳಿಗೆಯನ್ನು ಅದರಲ್ಲಿ ತೋಯಿಸಿ ಒಣಗಿಸಿದರೆ ಶೀಶೆಯ ಭಾರವೇ ಮದ್ದಿಗಿಂತ ಹೆಚ್ಚು. ವಿದೇಶದಿಂದ ತರಿಸಬೇಕಾದ್ದು ಅಂಗೈಯಷ್ಟು ಸಾಮಾನು, ಕಂಕನಾಡಿಯಿಂದ ಹೊರಡುವುದು ಊರಿಗಾಗುವಷ್ಟು ಔಷಧ. ಬಡವರ ಆಸ್ಪತ್ರೆ ನಡೆಸಹೊರಟವನಿಗೆ ಇದಕ್ಕಿಂತ ಸಲೀಸಾದ ಆದಾಯ ಬೇರೆ ಎಲ್ಲಿತ್ತು?

‘ಅವರು ಹೋಮಿಯೋಪಥಿಯ ಮೂಲಪುರುಷ ಹಾನಿಮನ್ನರ ಸಿದ್ಧಾಂತ ನಂಬಿದ್ದರು, ನೀವು ಅವರನ್ನು ಕಿರಾಣಿ ವ್ಯಾಪಾರಿ ಮಾಡಿಬಿಟ್ಟಿರಿ’ ಎಂದು ಹೋಮಿಯೋಪಥಿಯ ಬಂಧುಗಳು ಬೇಸರಪಡುತ್ತಾರೆ. ನಂಬಿದ್ದರು, ನಿಜ. ಆದರೆ ಅವರ ಅಂಗಡಿಯಲ್ಲಿ ಇದ್ದದ್ದು ಬರೇ ಹಾನಿಮನ್ ಅಲ್ಲ. ಶುಸ್ಲರ್ ಮಹಾಶಯನ ಹನ್ನೆರಡು ಬಯೋಕೆಮಿಕ್ ಲವಣಗಳೂ ಇದ್ದವು. ಇಟಲಿಯ ಟುರಿನ್ನಿನ ಸೊಲೇರಿ-ಬೆಲೊಟ್ಟಿ ಔಷಧಗಳೂ ಇದ್ದವು. ಈ ಕೊನೆಯವು ಇಲೆಕ್ಟ್ರೋ-ಹೋಮಿಯೋಪಥಿ ಎಂಬ ಪಂಥದವು. ಬೊಲೋನ್ಯಾದ ಕೌಂಟ್ ಚೆಸಾರೆ ಮತ್ತೇಯಿ ಹುಟ್ಟುಹಾಕಿದ ಆ ಪಂಥದಲ್ಲಿ ‘ಕೆಂಪು ವಿದ್ಯುತ್ತು’, ‘ನೀಲಿ ವಿದ್ಯುತ್ತು’ ಎಂಬ ಹೆಸರಿನ ದ್ರವಗಳಿದ್ದವು. ಹೆಸರಲ್ಲಿ ವಿದ್ಯುತ್ತು ಇದ್ದರೂ ಶೀಶೆಯಲ್ಲಿ ಅದರ ಸುಳಿವಿರಲಿಲ್ಲ. ಶುದ್ಧ ಹೋಮಿಯೋಪಥಿಯವರು ಅದನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಒಂದೇ ಕಪಾಟಿನಲ್ಲಿ ಮೂರು ಪಂಥ ಇಟ್ಟವರನ್ನು ಸಿದ್ಧಾಂತವಾದಿ ಅನ್ನುವುದು ಹೇಗೆ? ಯಾವುದು ರೋಗಿಗೆ ಹಿಡಿಸುತ್ತದೋ, ಯಾವುದು ಅಂಚೆಗೆ ಒಗ್ಗುತ್ತದೋ ಅದನ್ನು ಇಟ್ಟವರು ಅವರು. ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿದ್ದೇನೆ.

ಆ ಗುಳಿಗೆ ಕೆಲಸ ಮಾಡುತ್ತಿತ್ತೇ? ಪ್ರಶ್ನೋತ್ತರದ ಹೊತ್ತಿನಲ್ಲಿ ಕೇಳಿಯೇ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಹನ್ನೆರಡನೆಯ ಹಂತ ದಾಟಿದ ಔಷಧದಲ್ಲಿ ಮೂಲವಸ್ತುವಿನ ಒಂದು ಅಣು ಸಿಗುವುದೂ ಅಪರೂಪ. ಇಲ್ಲದ ವಸ್ತು ರೋಗ ಗುಣಪಡಿಸುತ್ತದೆ ಎಂದು ಔಷಧಶಾಸ್ತ್ರದ ಮೇಷ್ಟ್ರು ಒಪ್ಪಿದರೆ ಅವನ ಪಿಂಚಣಿ ನಿಲ್ಲಿಸಬೇಕು. 1902ರ ಪ್ಲೇಗಿನಲ್ಲಿ ಗುಳಿಗೆಯಿಂದ ಜನ ಉಳಿದರು ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಗಂಟು ಕಟ್ಟುವ ಪ್ಲೇಗಿನಲ್ಲಿ ಯಾವ ಮದ್ದಿಲ್ಲದಿದ್ದರೂ ಕೆಲವರು ಬದುಕುತ್ತಾರೆ. ಬದುಕಿದವನು ಕೊನೆಗೆ ನುಂಗಿದ್ದಕ್ಕೆ ಕೈಮುಗಿಯುತ್ತಾನೆ. ಸತ್ತವನು ದೂರು ಹೇಳಲು ಬರುವುದಿಲ್ಲ.

ಆದರೆ ಒಂದು ವಿಚಾರಗೋಷ್ಠಿಯಲ್ಲಿ ಹಿರಿಯ ವೈದ್ಯರೊಬ್ಬರು, ‘ಕಂಕನಾಡಿಯ ನಿಜವಾದ ಚರಿತ್ರೆ ಶುರುವಾಗುವುದು ಸಕ್ಕರೆ ಗೋಲಿ ನಿಂತ ಮೇಲೆ’ ಅಂದಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. ಇವತ್ತೂ ಇಳಿದಿಲ್ಲ. ಮೊದಲನೆಯದಾಗಿ, ಗೋಲಿ ನಿಂತಿಲ್ಲ. ದೇರಳಕಟ್ಟೆಯಲ್ಲಿ ಈಗಲೂ ತಯಾರಾಗುತ್ತಿದೆ. ಅದಿರಲಿ, 1880ರಲ್ಲಿ ಎದುರು ಪಕ್ಷದ ಬತ್ತಳಿಕೆಯಲ್ಲಿ ಏನಿತ್ತು ನೋಡಿ. ಕ್ವಿನೈನ್ ಇತ್ತು, ಸಿಡುಬಿಗೆ ಲಸಿಕೆ ಇತ್ತು. ಇವೆರಡೂ ಬಂಗಾರದಂಥವು. ಅವುಗಳ ಪಕ್ಕದಲ್ಲೇ ಪಾದರಸದ ಕ್ಯಾಲೊಮೆಲ್, ಸಿಕ್ಕಸಿಕ್ಕವರಿಗೆಲ್ಲ ಭೇದಿ ಮದ್ದು, ಜಿಗಣೆ. ಮೊದಲೇ ನಿತ್ರಾಣನಾದ ಕೂಲಿಯವನಿಗೆ ಕ್ಯಾಲೊಮೆಲ್ ಕೊಡುವ ಡಾಕ್ಟರಿಗಿಂತ ಏನೂ ಇಲ್ಲದ ಗುಳಿಗೆ ಕೊಟ್ಟು, ಚಾಪೆ ಹಾಸಿ, ಗಂಜಿ ಕುಡಿಸಿ, ನಾಳೆ ಬಾ ಅನ್ನುವ ಪಾದ್ರಿ ವಾಸಿ. ಗುಣಪಡಿಸಿದ್ದು ಗುಳಿಗೆಯಲ್ಲ, ‘ನಾಳೆ ಬಾ’ ಅನ್ನುವ ಮಾತು. ಪ್ಲೇಗಿನ ಆಸ್ಪತ್ರೆಯದೂ ಅದೇ ಕತೆ. ಪುಣೆಯಲ್ಲಿ ಸೋಲ್ಜರುಗಳು ಮನೆ ಹೊಕ್ಕು ರೋಗಿಗಳನ್ನು ಎಳೆದೊಯ್ದು, ಅದರ ಉರಿಯಲ್ಲಿ 1897ರಲ್ಲಿ ರ್‍ಯಾಂಡ್ ಎಂಬ ಅಧಿಕಾರಿಯ ಕೊಲೆಯಾಗಿ ಐದು ವರ್ಷ ಕಳೆದಿತ್ತಷ್ಟೆ. ಪ್ಲೇಗಿನ ಆಸ್ಪತ್ರೆ ಅಂದರೆ ಜನ ಹೆದರುವ ಆ ದಿನಗಳಲ್ಲಿ, ಇಪ್ಪತ್ತು ವರ್ಷದಿಂದ ಪರಿಚಿತವಾದ ಕಂಕನಾಡಿಯ ಬಾಗಿಲಿಗೊಂದು ಬೆಲೆಯಿತ್ತು. ಆ ಪರಿಚಯ ಬೆಳೆದದ್ದು ಸಕ್ಕರೆ ಗೋಲಿಯಿಂದಲೇ.

ಮತಾಂತರದ ಮಾತನ್ನು ತಪ್ಪಿಸಿಕೊಂಡು ಹೋಗುವುದಿಲ್ಲ. ಆಸ್ಪತ್ರೆ ಗಾಳ, ಔಷಧ ಎರೆಹುಳ ಅನ್ನುವವರಿದ್ದಾರೆ. ಆ ಕಾಲದ ಮಿಷನ್ ಬರಹಗಳಲ್ಲಿ ಸಾಯುವವರಿಗೆ ಕೊಟ್ಟ ದೀಕ್ಷಾಸ್ನಾನದ ಪ್ರಸ್ತಾಪ ಬರುತ್ತದೆ, ಮುಚ್ಚಿಡುವಂಥದ್ದೇನಿಲ್ಲ. ಆದರೆ ಪಾರ್ಸೆಲಿನ ದಾರಿ ಹಿಡಿದು ಹೋದರೆ ಈ ಗಾಳದ ಉಪಮೆ ತಲೆಕೆಳಗಾಗುತ್ತದೆ. ಘಟ್ಟದ ಬುಡದ ಹಳ್ಳಿಯಲ್ಲಿ ಜನಿವಾರದ ಮಾಸ್ಟ್ರು ಅಂಚೆಪೇದೆಯ ಕೈಯಿಂದ ವಿ.ಪಿ. ಬಿಡಿಸಿಕೊಳ್ಳುತ್ತಾರೆ. ಅಲ್ಲಿ ಪಾದ್ರಿಯಿಲ್ಲ, ಪ್ರಾರ್ಥನೆಯಿಲ್ಲ. ಆದರೆ ಆ ಮನಿಯಾರ್ಡರಿನ ಒಂದು ಪಾಲು ಕಂಕನಾಡಿಯ ಕುಷ್ಠರೋಗಿಯ ಬಟ್ಟಲಿಗೆ ಗಂಜಿಯಾಗಿ ಬೀಳುತ್ತದೆ. ಆ ರೋಗಿ ಯಾವ ಜಾತಿಯೋ, ಮುಟ್ಟಿಸಿಕೊಳ್ಳುವವನೋ ಅಲ್ಲವೋ ಮಾಸ್ಟ್ರಿಗೆ ಗೊತ್ತಿಲ್ಲ. ಎದುರಿಗೆ ಬಂದಿದ್ದರೆ ಜಗಲಿ ಹತ್ತಿಸುತ್ತಿದ್ದರೋ ಇಲ್ಲವೋ, ಅವರ ಮಗಳ ಮುಂದೆ ನಾನು ಆ ಮಾತೆತ್ತುವುದಿಲ್ಲ. ಆದರೆ ಆ ರೋಗಿಗೆ ಗಂಜಿ ಹಾಕುವ ಕೆಲಸವನ್ನು ಅಂಚೆ ಅವರಿಂದ ಮಾಡಿಸಿತು. ಹಾಗಾಗಿ ಕಂಕನಾಡಿಯ ಧರ್ಮಕ್ಕೆ ದುಡ್ಡು ಕೊಟ್ಟವರ ಪಟ್ಟಿಯಲ್ಲಿ ಕ್ರೈಸ್ತರಲ್ಲದ ಮೇಷ್ಟ್ರುಗಳು, ಶಾನುಭಾಗರು, ವಕೀಲರು, ಸ್ಟೇಷನ್ ಮಾಸ್ತರರೂ ಸೇರಬೇಕು. ಇದು ನನ್ನ ಹಟ. ಸಂಸ್ಥೆಯ ಗೋಡೆಯ ಮೇಲೆ ಕಲ್ಲಿನಲ್ಲಿ ಕೆತ್ತಿದ ದಾನಿಗಳ ಹೆಸರುಗಳಿಗೆ ಇವರೇನೂ ಕಡಿಮೆಯಿಲ್ಲ.

ಈಗ ಪೆಟ್ಟಿಗೆ. ಹಲಸಿನ ಮರದ್ದು, ಊರ ಆಚಾರಿ ಮಾಡಿದ್ದು. ಒಳಗೆ ಬೆರಳು ತೂರುವಷ್ಟು ಗುಳಿ ಕೊರೆದ ಹಲಗೆ, ಗುಳಿಗೊಂದು ಶೀಶೆ. ಅಚ್ಚಿನ ಚೀಟಿಯ ಮೇಲೆ ಮಾಸ್ಟ್ರು ಕನ್ನಡದಲ್ಲಿ ಇನ್ನೊಂದು ಚೀಟಿ ಅಂಟಿಸಿದ್ದಾರೆ. ಅಕೋನೈಟಿನ ಮೇಲೆ ‘ಚಳಿ ಗಾಳಿ ತಾಗಿದ ಜ್ವರ’, ಆರ್ನಿಕಾದ ಮೇಲೆ ‘ಬಿದ್ದ ಪೆಟ್ಟು, ಅಡಿಕೆ ಮರ’. ಆ ‘ಅಡಿಕೆ ಮರ’ ಅನ್ನುವ ಎರಡು ಪದ ಮೆಟೀರಿಯಾ ಮೆಡಿಕಾ ಅನ್ನುವ ಯಾವ ಔಷಧಗ್ರಂಥದಲ್ಲೂ ಇಲ್ಲ. ಕೊನೆ ಕೊಯ್ಯಲು ಹತ್ತಿ ಬಿದ್ದವರನ್ನು ಕಂಡವರು ಮಾತ್ರ ಹಾಗೆ ಬರೆದಾರು.

ಪೆಟ್ಟಿಗೆಯ ಜೊತೆಗೊಂದು ನೋಟುಪುಸ್ತಕ ಸಿಕ್ಕಿದೆ, ಶಾಲೆಯ ಹಾಜರಿ ಪಟ್ಟಿಯ ಖಾಲಿ ಹಾಳೆ ಹೊಲಿದದ್ದು. ನಾನು ಅದನ್ನು ಮೂರು ಸಲ ಓದಿದೆ. ಮೊದಲ ಸಲ ಕಂಡದ್ದು ಔಷಧದ ಹೆಸರುಗಳು. ಕಣ್ಣು ಪಳಗಿದ ಮೇಲೆ ಪುಟ ಬಿಟ್ಟು ಪುಟ ಕಂಡದ್ದು ಕೊಡದೆ ಬಿಟ್ಟ ಔಷಧಗಳು. ನಡುಗು ಜ್ವರಕ್ಕೆ ‘ಗುಳಿಗೆ ಬೇಡ, ಕ್ವಿನೈನ್’. ಹೆರಿಗೆಯಲ್ಲಿ ಮಗು ಅಡ್ಡವಾದದ್ದಕ್ಕೆ ‘ಕೂಡಲೆ ಕಂಕನಾಡಿ, ಜೀಪು ಹೇಳಿದೆ’. ಕೈಯ ಮೇಲೆ ಸ್ಪರ್ಶವಿಲ್ಲದ ಬಿಳಿ ಮಚ್ಚೆಯ ಹುಡುಗನೊಬ್ಬನ ಹೆಸರಿನ ಮುಂದೆ ಬರೇ ‘ಕಂಕನಾಡಿ’, ಅದರ ಕೆಳಗೆ ಎರಡು ಗೆರೆ. ಸಕ್ಕರೆ ಗೋಲಿಯನ್ನು ಹಂಗಿಸುವವರು ಈ ಪುಟಗಳನ್ನು ನೋಡಬೇಕು. ಪೆಟ್ಟಿಗೆ ಇದ್ದದ್ದರಿಂದಲೇ ಜನ ಆ ಜಗಲಿಗೆ ಬಂದರು. ಬಂದದ್ದರಿಂದಲೇ, ತನ್ನ ಕೈಮೀರಿದ್ದು ಯಾವುದು ಎಂದು ಬಲ್ಲವರೊಬ್ಬರ ಕಣ್ಣಿಗೆ ಬಿದ್ದರು. ಹೋದ ಪಾರ್ಸೆಲಿನ ದಾರಿಯಲ್ಲೇ ರೋಗಿ ಆಸ್ಪತ್ರೆಗೆ ಬಂದ. ಆಸ್ಪತ್ರೆಯ ದಾಖಲೆಯಲ್ಲಿ ಆ ಹುಡುಗ ಹೊರರೋಗಿ ವಿಭಾಗದಿಂದ ಶುರುವಾಗುತ್ತಾನೆ. ಅವನ ಚಿಕಿತ್ಸೆ ಶುರುವಾದದ್ದು ಈ ಎರಡು ಗೆರೆಯಿಂದ.

ಫೀಸಿನ ಅಂಕಣವೂ ಇದೆ, ಹೆಚ್ಚುಕಡಿಮೆ ಖಾಲಿ. ಅಲ್ಲಲ್ಲಿ ‘ಸೌತೆ 2’, ‘ಹುರುಳಿ ಸೇರು’, ಒಂದು ಕಡೆ ‘ಬೈದು ಹೋದ’. ವಿ.ಪಿ. ಬಿಡಿಸಿದ ದುಡ್ಡಿನ ಲೆಕ್ಕ ಮಾತ್ರ ಅಣೆ ಪೈ ಬಿಡದೆ ಬರೆದಿದ್ದಾರೆ. ಮನೆಯಲ್ಲಿ ಆ ಲೆಕ್ಕಕ್ಕೆ ಜಗಳವಾಗುತ್ತಿತ್ತಂತೆ. ಅಮ್ಮ ‘ಊರಿಗೆಲ್ಲ ಮದ್ದು, ಮಕ್ಕಳ ಅಂಗಿಗೆ ತೇಪೆ’ ಅನ್ನುತ್ತಿದ್ದರು ಎಂದು ಮಗಳು ನಗುತ್ತಾ ಹೇಳಿದರು. ಆ ತಾಯಿಯ ಹೆಸರನ್ನೂ ದತ್ತಿಗೆ ಸೇರಿಸಿ ಎಂದು ಸಮಿತಿಯವರಲ್ಲಿ ನನ್ನದೊಂದು ಅರಿಕೆ.

ಉಪನ್ಯಾಸ ಮುಗಿದ ಮೇಲೆ ಪೆಟ್ಟಿಗೆಯನ್ನು ಎಲ್ಲರೂ ಹತ್ತಿರ ಬಂದು ನೋಡಬಹುದು. ಮೂಸಿ ನೋಡುವವರು ನೋಡಿ, ಸ್ಪಿರಿಟಿನ ವಾಸನೆ ಇನ್ನೂ ಸ್ವಲ್ಪ ಉಳಿದಿದೆ. ಎರಡನೆಯ ಸಾಲಿನ ನಾಲ್ಕನೆಯ ಶೀಶೆಯನ್ನು ಮಾತ್ರ ಎತ್ತಬೇಡಿ. ಬಿರಡೆ ಪುಡಿಯಾಗಿದೆ, ಒಳಗೆ ಇನ್ನೂ ಐದಾರು ಗುಳಿಗೆಗಳಿವೆ.