ನೀರಿನ ಋಣ

ಹೊಸಪೇಟೆಯ ಹೋಟೆಲಿನವನು ಬೆಳಗ್ಗೆ ಬಾಗಿಲಿಗೆ ನೀರು ಚಿಮುಕಿಸಿ, ದೇವರಿಗೆ ಕೈಮುಗಿದು ಒಲೆ ಹಚ್ಚುತ್ತಾನೆ. ಆ ನೀರು ಯಾರ ಋಣವೆಂದು ಯೋಚಿಸಲು ದುಡಿಮೆಯ ದಿನದಲ್ಲಿ ಪುರುಸೊತ್ತೆಲ್ಲಿ?

1945ರಲ್ಲಿ ಶಂಕುಸ್ಥಾಪನೆಯಾದ ತುಂಗಭದ್ರಾ ಅಣೆಕಟ್ಟೆಗಾಗಿ ನಾರಾಯಣದೇವರಕೆರೆಯಂಥ ಊರುಗಳೇ ಮುಳುಗಿದವು. ಅಲ್ಲಿಯ ಜನ ಮರಿಯಮ್ಮನಹಳ್ಳಿಯಲ್ಲಿ ಮತ್ತೆ ಒಲೆ ಹೂಡಿದರು. ಹಂಪಿಯ ಬಾಳೆತೋಟಗಳಿಗೆ ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ನೀರುಣಿಸುತ್ತಿವೆ. ರಾಯರ ಹೆಸರು ಎಲ್ಲರ ಬಾಯಲ್ಲಿದೆ, ಹಾರೆ ಹಿಡಿದವರದಿಲ್ಲ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಯಿತು. ಕಂಪ್ಲಿಯ ಭತ್ತದ ಗದ್ದೆಗೂ ಹೊಸಪೇಟೆಯ ಚಹದಂಗಡಿಗೂ ಆಗ ಒಂದೇ ಚಿಂತೆ. ಸುತ್ತಲಿನ ಕಾರ್ಖಾನೆಗಳಲ್ಲಿ ಉಕ್ಕಿನ ಹಲಗೆಗಳು ಸಿದ್ಧವಾದವು; ಕಾರ್ಮಿಕರು ರಭಸದ ನೀರಿನಲ್ಲೇ ಅವನ್ನು ಇಳಿಸಿ, ವಾರದೊಳಗೆ ಹರಿವನ್ನು ತಡೆದರು.

ಮರುದಿನವೂ ಹೋಟೆಲಿನ ಬಾಗಿಲಿಗೆ ಎಂದಿನಂತೆ ನೀರು ಬಿತ್ತು.